ನಿಮ್ಮಪ್ಪ ಮೂವತ್ತರೊಳಗೆ ಇಳಿದದ್ದು

ಒಸಿಯೆಕ್, ಮಾರ್ಚ್ ೧೪

ಮುದ್ದಿನ ಯಾಸೆಂಕಾ,

ಹೇಗಿದ್ದೀಯ ಮಗಳೇ? ಎರಡು ತಿಂಗಳಿಂದ ಕಾಗದ ಹಾಕಿಲ್ಲ, ಬೈಯಬೇಡ. ಫೋನಿನಲ್ಲಿ ದಿನಾ ಮಾತಾಡುತ್ತೇವೆ ನಿಜ. ಆದರೆ ನೀನು ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಮಲಗಿರುವಾಗ ಇಂಥ ವಿಷಯ ಎತ್ತುವುದಾದರೂ ಹೇಗೆ? ರಿಯೆಕಾದಲ್ಲಿ ಗಾಳಿ ಜೋರಂತೆ. ಕಿವಿ ಮುಚ್ಚಿಕೊಂಡು ಓಡಾಡು.

ನನಗೆ ನಿಮ್ಮಪ್ಪನ ಮೇಲೆ ಅನುಮಾನ ಹುಟ್ಟಿತ್ತು. ನಗಬೇಡ. ಅಕ್ಟೋಬರಿನಲ್ಲಿ ಆ ಮನುಷ್ಯ ಹುರಿದ ಹಂದಿಕೊಬ್ಬು ಮುಟ್ಟುವುದನ್ನೇ ಬಿಟ್ಟ. ಆಮೇಲೆ ಬ್ರೆಡ್ಡು, ಬಿಯರು. ಹೊಸ ಶೂ ಕೊಂಡುಕೊಂಡ. ದಿನಾ ಸಂಜೆ "ಇಸ್ಪೀಟಿಗೆ ಹೋಗ್ತೀನಿ" ಅನ್ನುವುದು, ಬೆವರಿಕೊಂಡು ಬರುವುದು. ಕೂತು ಆಡುವ ಆಟಕ್ಕೆ ಬೆವರು ಯಾಕೆ? ಪಕ್ಕದ ಮನೆ ಶ್ಟೆಫಿಟ್ಸಾ ಬೇಲಿಯಾಚೆಯಿಂದ ಕಿಚಾಯಿಸಿದಳು: "ಲ್ಯೆರ್ಕಾ, ಐವತ್ತೆಂಟಕ್ಕೆ ಗಂಡಸು ಹೊಟ್ಟೆ ಕರಗಿಸ್ತಾನೆ ಅಂದ್ರೆ ಯಾರಿಗೋ ತೋರಿಸೋಕೇ ಕಣೇ!"

ಫೆಬ್ರವರಿಯಲ್ಲಿ ಅವನ ಕೋಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. 33.1, 32.4, 31.5, 30.6. ಕೆಳಗೆ: "ಮಿರ್ಯಾನಾ, ಗುರುವಾರ ಹತ್ತಕ್ಕೆ." ಇದೇನು ಇವಳ ವಯಸ್ಸಾ, ತಿಂಗಳು ತಿಂಗಳು ಕಮ್ಮಿ ಆಗ್ತಿದೆಯಲ್ಲ ಅಂತ ಒಳಗೇ ಕುದಿದೆ.

ಗುರುವಾರ ಅವನು ಹತ್ತಿದ ಟ್ರಾಮಿನ ಹಿಂದಿನ ಡಬ್ಬಿ ಹತ್ತಿದೆ. ಅವನು ಆಸ್ಪತ್ರೆ ಹೊಕ್ಕ. ನಾನೂ ಹೊಕ್ಕೆ. ಬಾಗಿಲು ತಳ್ಳಿದರೆ ನಿಮ್ಮಪ್ಪ ಬರಿ ಕಾಲುಚೀಲದಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದಾನೆ! ಮಿರ್ಯಾನಾ ಅಂದರೆ ನನಗಿಂತ ಹಿರಿಯ ನರ್ಸಮ್ಮ. ನನ್ನ ಮುಖ ನೋಡಿದ್ದೇ ಅವರಿಗೆ ಎಲ್ಲ ಅರ್ಥವಾಯಿತು.

"ಕೋಟು ಬಿಚ್ಚಿಸಿದ್ದು ನಿಜ ತಾಯಿ. ತೂಕ ನೋಡೋಕೆ ಮಾತ್ರ."

ನಿಮ್ಮಪ್ಪ ತಲೆ ತಗ್ಗಿಸಿಯೇ ಹೇಳಿದ: "ಯಾಸೆಂಕಾಗೆ ಕಿಡ್ನಿ ಕೊಡ್ತೀನಿ ಅಂದೆ. ನನ್ನ ಬಿಎಂಐ ಮೂವತ್ತರೊಳಗೆ ಬರಬೇಕಂತೆ."

ಬಿಎಂಐ ಅಂದರೆ, ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಒಮ್ಮೆ ಭಾಗಿಸಿ, ಬಂದದ್ದನ್ನು ಅದೇ ಎತ್ತರದಿಂದ ಮತ್ತೊಮ್ಮೆ ಭಾಗಿಸಬೇಕಂತೆ. ಹದಿನೆಂಟೂವರೆಯಿಂದ ಇಪ್ಪತ್ತೈದರವರೆಗೆ ಸರಿಯಾದ ತೂಕ, ಮೂವತ್ತರವರೆಗೆ ಹೆಚ್ಚು, ಅದರಾಚೆ ಬೊಜ್ಜು. ನನಗೆ ಆ ಲೆಕ್ಕದ ಮೇಲೂ ನಂಬಿಕೆ ಬರಲಿಲ್ಲ. "ಬಂದರಿನಲ್ಲಿ ಮೂಟೆ ಹೊತ್ತ ಮೈ ಇದು. ಎಲ್ಲಾ ಕೊಬ್ಬೇ ಅಂತ ಹೇಗೆ ಹೇಳ್ತೀರಿ?" ಅಂದೆ.

"ಹೇಳಲ್ಲ. ಯಾವುದು ಕೊಬ್ಬು, ಯಾವುದು ಮಾಂಸಖಂಡ ಅಂತ ಆ ಸಂಖ್ಯೆಗೆ ಗೊತ್ತಾಗಲ್ಲ. ಅದಕ್ಕೇ ಸೊಂಟ, ರಕ್ತ, ಕಿಡ್ನಿ ಎಲ್ಲಾ ಬೇರೆ ನೋಡ್ತೀವಿ. ಆದ್ರೆ ಇಲ್ಲಿ ಮೊದಲು ಇದನ್ನ ದಾಟಬೇಕು."

ದಾರಿಯಲ್ಲಿ ಕೇಳಿದೆ: "ನನ್ನ ಹತ್ತಿರ ಯಾಕೆ ಮುಚ್ಚಿಟ್ಟೆ?"

"ನೀನು ಅವಳಿಗೆ ಹೇಳಿಬಿಡ್ತಿದ್ದೆ. ನನ್ನ ಕೈಲಾಗದಿದ್ರೆ ಪಾಪ, ಇನ್ನೊಂದು ಸಲ ಅಳ್ತಿದ್ಳು."

ನಿನ್ನೆ ತೂಕ ಎಂಬತ್ತೆಂಟು ಕಿಲೋ, ಬಿಎಂಐ 29.7. ಉಳಿದ ಪರೀಕ್ಷೆಗಳೂ ಹೊಂದಿವೆ. ಮೇ ತಿಂಗಳಲ್ಲಿ ಆಪರೇಷನ್ ಮಾಡಬಹುದಂತೆ. "ನನಗೆ ಬರೆಯೋಕೆ ಬರಲ್ಲ, ನೀನೇ ತಿಳಿಸು" ಅಂದವನು ಅಡುಗೆಮನೆಗೆ ಹೋಗಿ ಸೇಬು ಕಚ್ಚುತ್ತಾ ಅತ್ತ. ಬೇಡ ಅನ್ನಬೇಡ ಮಗಳೇ.

ದೇವರು ನಿನ್ನನ್ನು ಗಟ್ಟಿಯಾಗಿಡಲಿ. ಲೋಟ ಎಣಿಸದೆ ಹೊಟ್ಟೆ ತುಂಬ ನೀರು ಕುಡಿಯುವ ದಿನ ನಿನಗೆ ಬೇಗ ಬರಲಿ.

ನಿನ್ನ ಅಮ್ಮ,
ಲ್ಯೆರ್ಕಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವರ್ಷ ನಿನಗೆ ಹೇಳಿದ್ದೆನಲ್ಲ, "ನನ್ನ ತೂಕ ಜಾಸ್ತಿಯಂತೆ, ಆಸ್ಪತ್ರೆಯವರು ನನ್ನ ಕಿಡ್ನಿ ಬೇಡ ಅಂದರು" ಅಂತ. ನೀನೇ ನನ್ನನ್ನು ಸಮಾಧಾನ ಮಾಡಿದ್ದೆ. ನಿನ್ನೆ ಮಿರ್ಯಾನಾ ನನ್ನನ್ನೂ ತೂಗಿದರು. ನನ್ನ ಬಿಎಂಐ ಇಪ್ಪತ್ತೆಂಟು. ಆಗಲೂ ಅಷ್ಟೇ ಇದ್ದೆ. ಹೋದ ವರ್ಷ ನನ್ನನ್ನು ಯಾರೂ ತೂಗಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಆಸ್ಪತ್ರೆಯ ಮೆಟ್ಟಿಲವರೆಗೆ ಹೋಗಿ ವಾಪಸು ಟ್ರಾಮ್ ಹತ್ತಿದ್ದೆ. ಹೆದರಿದ್ದೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ.