ಕಳೆದುಹೋದ ತುಪ್ಪದ ಚಮಚ

ಮಾಳಮಡ್ಡಿ, ಧಾರವಾಡ
ತಾ. ೩ ಡಿಸೆಂಬರ್ ೧೯೩೬, ಗುರುವಾರ

ಚಿ. ಸೌ. ನಿರುಪಮಾಳಿಗೆ ಮಾವನ ಮನಸಾರೆ ಆಶೀರ್ವಾದ.

ನಿನ್ನ ಮೈ ಹೇಗಿದೆ? ಗೋದೂ ಸರಿಯಾಗಿ ಉಣ್ಣುತ್ತಾಳೆಯೇ, ರಾತ್ರಿ ಅಳದೆ ಮಲಗುತ್ತಾಳೆಯೇ? ಬಾಗಲಕೋಟೆಯ ಬೀಗರೆಲ್ಲ ಆರಾಮ ಇದ್ದಾರೆಂದು ನಂಬಿದ್ದೇನೆ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ನಿನ್ನ ಎದೆ ಧಸಕ್ಕೆಂದಿರಬೇಕು. ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನೀನು ಈ ಮನೆ ತುಂಬಿ ನಾಲ್ಕು ವರ್ಷವಾಯಿತು, ನಾನು ನಿನ್ನೊಡನೆ ನೇರವಾಗಿ ಒಂದು ಮಾತು ಆಡಿದವನಲ್ಲ. ಸೊಸೆಯ ಜೊತೆ ಮಾವ ಮಾತಾಡುವುದು ನಮ್ಮಲ್ಲಿ ಇಲ್ಲ. ಮೊದಲು ನಿನ್ನ ಅತ್ತೆಯ ಮೂಲಕ ಹೇಳಿಸುತ್ತಿದ್ದೆ, ಗೋದೂ ಹುಟ್ಟಿದ ಮೇಲೆ ಅವಳ ಮೂಲಕ. ಮಾತೇ ಬಾರದ ಕೂಸಿಗೆ ನಾನು "ಗೋದೂ, ನಿಮ್ಮವ್ವಗ ಹೇಳು, ಅಜ್ಜಗ ಚಹಾ ಬೇಕಾಗೇದ" ಎನ್ನುವುದು, ನೀನು ಒಳಗಿನಿಂದ ಅದೇ ಕೂಸಿಗೆ "ಅಜ್ಜಗ ಹೇಳು, ಚಹಾ ತಂದೆ ಅಂತ" ಎನ್ನುವುದು. ನಡುವೆ ಕೂತ ಗೋದೂ ಇಬ್ಬರನ್ನೂ ನೋಡಿ ನಗುವುದು. ಈಗ ಅವಳೂ ಇಲ್ಲ, ಆದ್ದರಿಂದ ಕಾಗದವೇ ಗತಿ.

ನಿನ್ನ ಅತ್ತೆಗೆ ಸೊಂಟನೋವು ಇದ್ದದ್ದೇ. ಮಗ ದತ್ತು ಎಂದಿನಂತೆ ಬೆಳಗಿನ ಗಾಡಿಗೆ ಹುಬ್ಬಳ್ಳಿಯ ಕಚೇರಿಗೆ ಹೋಗಿ ಸಂಜೆ ಬರುತ್ತಾನೆ. ತಲೆ ತಗ್ಗಿಸಿ ಉಣ್ಣುತ್ತಾನೆ, ಏನಾದರೂ ಕೇಳಿದರೆ ಹೂಂ ಎನ್ನುತ್ತಾನೆ. ಪಕ್ಕದ ಮನೆಯ ದೇವಕ್ಕ ದಿನಾ ಕಾಂಪೌಂಡಿನ ಆಚೆಯಿಂದ "ಕೂಸಿನ ಸುದ್ದಿ ಬಂತೇನ್ರಿ" ಎಂದು ಕೇಳುತ್ತಾಳೆ. ಚೌತಿ ಆದಾಗಿನಿಂದ ಕಾಣದ ತುಪ್ಪದ ಚಮಚ ಇನ್ನೂ ಸಿಕ್ಕಿಲ್ಲ. ನಿನ್ನ ಅತ್ತೆ ಕಾಶೀಬಾಯಿ ಅದರ ಆಸೆ ಬಿಟ್ಟಿಲ್ಲ, ತವರಿನಿಂದ ತಂದದ್ದಂತೆ. ಮುಸುರೆ ತಿಕ್ಕುವವಳ ಮೇಲೆ ಒಂದು ದಿನ, ಬೆಕ್ಕಿನ ಮೇಲೆ ಒಂದು ದಿನ ಹರಿಹಾಯುತ್ತಾಳೆ. ಬೆಕ್ಕಿಗೆ ಚಮಚ ಯಾಕೆ ಬೇಕೆಂದು ಕೇಳುವ ಧೈರ್ಯ ನನಗಿಲ್ಲ.

ಇನ್ನು ನಡೆದದ್ದರ ಮಾತು. ನಿನಗೆ ಗೊತ್ತಿದ್ದದ್ದೇ, ಆದರೆ ಮೊದಲಿನಿಂದ ಹೇಳದಿದ್ದರೆ ಮುಂದಿನದು ಬಾಯಿಗೆ ಬರುವುದಿಲ್ಲ. ಮೂವತ್ತು ವರ್ಷದ ಮಾಸ್ತರಿಕೆಯ ಚಟ. ಎರಡು ತುಂಬಿದರೂ ಗೋದೂ ನಿಲ್ಲಲಿಲ್ಲ, ಕಾಲು ಬಾಗತೊಡಗಿದವು ಎಂದು ಶ್ರಾವಣದಲ್ಲಿ ಅವಳನ್ನು ಡಾಕ್ಟರ್ ಗೌಸಮೊದ್ದೀನರ ಹತ್ತಿರ ಒಯ್ದೆವು. ನನ್ನ ಕೈಯಿಂದ ಛಡಿ ಏಟು ತಿಂದ ಹುಡುಗ, ಈಗ ದೊಡ್ಡ ಡಾಕ್ಟರು. ಎಲುಬು ಮೆತ್ತಗಾಗಿವೆ, ಮಳೆಗಾಲವೆಂದು ಕೂಸನ್ನು ಒಳಗೇ ಇಡಬೇಡಿ, ಬಿಸಿಲು ಕಾಯಿಸಿ ಎಂದರು. ಆಮೇಲೆ ಸ್ವಲ್ಪ ಅಳುಕುತ್ತ, "ಮಾಸ್ತರ, ಮೀನಿನ ಎಣ್ಣಿ ಕೊಡ್ರಿ. ದಿನಾ ಒಂದ ಸಣ್ಣ ಚಮಚ, ಹೆಚ್ಚಿಗಿ ಬ್ಯಾಡ" ಎಂದರು. ನಾನು ಮನೆಗೆ ಬಂದವನೇ ಪಡಸಾಲೆಯಲ್ಲಿ ನಿಂತು, ನಾನಿರುವ ತನಕ ಮೀನಿನ ವಸ್ತು ಈ ಹೊಸ್ತಿಲು ದಾಟಬಾರದೆಂದು ಗುಡುಗಿದೆ. ನೀನು ಒಳಗಿನಿಂದ ಕೇಳಿಸಿಕೊಂಡೆ. ಕೇಳಿಸಿಕೊಂಡು, ದೇವಕ್ಕನ ಕೈಯಿಂದ ಬಾಟಲಿ ತರಿಸಿ, ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟು, ದಿನಾ ಬೆಳಿಗ್ಗೆ ಹಾಲು ಹಿಂಡುವ ನೆಪದಲ್ಲಿ ಕೂಸಿಗೆ ಕುಡಿಸಿದೆ.

ದಸರೆಯ ದಿನ ಗೋದೂ ಗೋಡೆ ಹಿಡಿದು ನಿಂತಳು. ನಿನ್ನ ಅತ್ತೆ ಬನ್ನಿ ಕೊಡುವುದನ್ನು ಬಿಟ್ಟು ಅವಳ ದೃಷ್ಟಿ ತೆಗೆದಳು. ನಾನು ಕಣ್ಣಲ್ಲಿ ಕಸ ಬಿತ್ತೆಂದು ಹೊರಗೆ ಹೋದೆ. ಅದಾಗಿ ಇಪ್ಪತ್ತು ದಿನಕ್ಕೆ, ದೀಪಾವಳಿಯಲ್ಲಿ, ವಾಂತಿ ಸುರುವಾಯಿತು. ಅನ್ನ ಕಂಡರೆ ಮುಖ ತಿರುಗಿಸುವಳು, ತೊಗಲು ಸುಲಿಯಿತು, ಎತ್ತಿಕೊಂಡರೆ ಚೀರುವಳು. ಕೊಟ್ಟಿಗೆಯಲ್ಲಿ ಬಾಟಲಿ ಸಿಕ್ಕಿತು. "ಮನಿ ಮೈಲಿಗಿ ಮಾಡಿದಿ, ಕೂಸಿನ ಜೀವಾನೂ ತಗೀತಿದ್ದಿ" ಎಂದು ಕಾಶೀಬಾಯಿ ಹಬ್ಬಕ್ಕೆ ಬಂದಿದ್ದ ನಿನ್ನ ಅಣ್ಣನ ಎದುರು, ದೇವಕ್ಕನ ಎದುರು ಅಂದಳು. ನೀನು ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿ, "ಒಂದs ಚಮಚರಿ, ದೇವರಾಣಿ ಒಂದs" ಎಂದೆ. ನಾನು ಪಂಚಾಂಗ ತಿರುವುತ್ತಿದ್ದೆ. ಮರುದಿನ ನೀನು ಅಣ್ಣನ ಜೊತೆ ಹೊರಟುಹೋದೆ.

ಮೊನ್ನೆ ಅತ್ತೆಗೆ ನೀನು ಬರೆದ ಪತ್ರವನ್ನು ಓದಿ ಹೇಳಿದವನು ನಾನೇ. ವಾಂತಿ ನಿಂತಿದೆ, ಊಟ ಸೇರುತ್ತಿದೆ ಎಂಬಲ್ಲಿಗೆ ನಿನ್ನ ಅತ್ತೆ ದೇವರಿಗೆ ಕೈಮುಗಿದಳು. ಆದರೆ ಮುಂದೆ "ನಿಲ್ಲುತ್ತಿದ್ದವಳು ಮತ್ತೆ ಕೂತುಬಿಟ್ಟಿದ್ದಾಳೆ, ಬಾಟಲಿಯನ್ನು ಬಾವಿಯ ಕಟ್ಟೆಗೆ ಒಡೆದು ಬಂದೆ, ನನ್ನ ಕೈಗುಣವೇ ಕೆಟ್ಟದ್ದು, ಇನ್ನು ಅವಳಿಗೆ ಯಾವ ಔಷಧವನ್ನೂ ಮುಟ್ಟಿಸುವುದಿಲ್ಲ" ಎಂದು ಬರೆದಿದ್ದೀಯಲ್ಲ, ಆ ಸಾಲುಗಳನ್ನು ನನಗೆ ಗಟ್ಟಿಯಾಗಿ ಓದಲಾಗಲಿಲ್ಲ. ಸೋಮವಾರ ಡಾಕ್ಟರರಲ್ಲಿಗೆ ಹೋಗಿದ್ದೆ. ಎಲ್ಲ ಕೇಳಿ ಅವರು, "ಒಂದ ಚಮಚಕ್ಕ ಹಿಂಗ ಆಗೂದಿಲ್ರಿ ಮಾಸ್ತರ, ಅಳತಿ ಮೀರೇದ. ಕೂಸು ಪೂರಾ ಛಲೋ ಆದಮ್ಯಾಲೆ ಮತ್ತ ಒಂದ ಚಮಚ ಸುರು ಮಾಡ್ರಿ. ಹೆಚ್ಚಾದ್ರ ಕೇಡು ಖರೇ, ಪೂರಾ ಬಿಟ್ಟರ ಕಾಲು ಹಂಗs ಉಳೀತಾವ" ಎಂದರು. ಬಾಗಲಕೋಟೆಯಲ್ಲಿ ಬಿಸಿಲಿಗೇನೂ ಕಡಿಮೆ ಇಲ್ಲ, ದಿನಾ ಎಳೆಬಿಸಿಲಿಗೆ ಕೂಡಿಸು. ಎಣ್ಣೆಯನ್ನು ಮಾತ್ರ ಬಿಡಬೇಡ. ಎಲ್ಲೋ ಅಳತೆ ತಪ್ಪಿತ್ತು, ಅಷ್ಟೇ.

ನಿನ್ನ ತಂದೆತಾಯಿಗೆ ನಮಸ್ಕಾರ ತಿಳಿಸು. ಗೋದೂನ ಎರಡೂ ಪಾದಕ್ಕೆ ಅಜ್ಜನ ಮುತ್ತು. ನೀನು ನೂರು ವರ್ಷ ಮುತ್ತೈದೆಯಾಗಿ ಬಾಳು.

ನಿನ್ನ ಮಾವ,
ಬಿಂದುಮಾಧವ

ತಾ.ಕ. ಮೇಲಿನದನ್ನೆಲ್ಲ ನಿನ್ನ ಅತ್ತೆಗೆ ಓದಿ ತೋರಿಸಿದೆ. ಅವಳು ಬಾವಿಗೆ ಹೋಗಿದ್ದಾಳೆ, ಬರುವುದರೊಳಗೆ ಇದನ್ನು ಬರೆಯಬೇಕು. ಅಳತೆ ನಿನ್ನ ಕೈಯಲ್ಲಿ ತಪ್ಪಲಿಲ್ಲ. ಪಡಸಾಲೆಯಲ್ಲಿ ಗುಡುಗಿದವನಿಗೆ ಕೂಸಿನ ಕಾಲು ನೋಡಿ ನಿದ್ದೆ ಬರಲಿಲ್ಲ. ಚೌತಿ ಆದ ಮೇಲೆ ನಾನು ಹುಬ್ಬಳ್ಳಿಗೆ ಹೋಗಿ, ನನ್ನನ್ನು ಅರಿಯದ ಅಂಗಡಿಯಲ್ಲಿ ಅದೇ ಎಣ್ಣೆ ಕೊಂಡು, ಛತ್ರಿಯೊಳಗೆ ಮುಚ್ಚಿ ತಂದೆ. ದಿನಾ ಸಂಜೆ ಗಾಡಿ ತೋರಿಸುತ್ತೇನೆಂದು ಗೋದೂನನ್ನು ಸ್ಟೇಷನ್ನಿಗೆ ಒಯ್ಯುತ್ತಿದ್ದೆನಲ್ಲ, ಅಲ್ಲಿಯ ಬೆಂಚಿನ ಮೇಲೆ ಕುಡಿಸಿ, ವಾಸನೆ ಬರದಂತೆ ಪೆಪ್ಪರಮಿಂಟ್ ಕೊಡುತ್ತಿದ್ದೆ. ಲಗೂ ನಡೆಯಲೆಂಬ ದುರಾಸೆಗೆ ಎರಡೆರಡು ಚಮಚ. ತುಪ್ಪದ ಚಮಚ ನನ್ನ ಕೋಟಿನ ಕಿಸೆಯಲ್ಲಿದೆ, ಅದು ಮತ್ತೆ ಅಡುಗೆಮನೆ ಸೇರುವ ಹಾಗಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನ ನಿನ್ನನ್ನು ನೇರವಾಗಿ ಕೇಳಿದ್ದರೆ ಇದು ಆಗುತ್ತಿರಲಿಲ್ಲ. ನೀನು ದೇವರಾಣೆ ಮಾಡಿದಾಗಲೇ ನನಗೆ ಎಲ್ಲ ತಿಳಿಯಿತು, ಆದರೂ ಪಂಚಾಂಗ ನೋಡಿದೆ. ತಪ್ಪು ನನ್ನದು, ಕ್ಷಮಿಸು ಮಗಳೇ. ನಿನ್ನನ್ನು ಬೈದದ್ದು ನಾಲ್ಕು ಜನರೆದುರು. ಇದನ್ನು ನಿನ್ನ ತಂದೆ, ಅಣ್ಣ ಎಲ್ಲರನ್ನೂ ಕೂಡಿಸಿ ಗಟ್ಟಿಯಾಗಿ ಓದಿಸು. ನಿನ್ನ ಅತ್ತೆಗೆ ಇವತ್ತು ಊಟಕ್ಕೆ ಕೂತಾಗ ಹೇಳುತ್ತೇನೆ; ಮೊದಲು ಇದನ್ನು ಟಪಾಲಿಗೆ ಹಾಕಿಬರುತ್ತೇನೆ, ಆಮೇಲೆ ಹಿಂದೆ ಸರಿಯಲು ಬರಬಾರದು. ಭಾನುವಾರ ದತ್ತು ನನ್ನ ಬಾಟಲಿ ತರುತ್ತಾನೆ, ಅರ್ಧ ಉಳಿದಿದೆ. ದಿನಾ ಒಂದೇ ಸಣ್ಣ ಚಮಚ, ನಿನ್ನ ಕೈಯಿಂದಲೇ.