ಸಾವಕಾರರ ಹಗುರ ಬಂದೂಕು

ಸಿಂದಗಿ
೬ ಫೆಬ್ರವರಿ ೨೦೨೫, ಗುರುವಾರ

ಹೂಮಾಲೆಯ ಭಾರಕ್ಕೆ ಬಾಗಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರ ಭಾಷಣದ ಉದ್ದ ನೆನೆದು ಈಗಲೇ ನಿಟ್ಟುಸಿರು ಬಿಡುತ್ತಿರುವ ಮುಖ್ಯ ಅತಿಥಿಗಳೇ, ಮುಂದಿನ ಕುರ್ಚಿಯ ಗಣ್ಯರೇ, ಹಿಂದಿನ ಚಾಪೆಯ ಸಾಮಾನ್ಯರೇ, ಕಡೆಗೆ ಉಪ್ಪಿಟ್ಟು ಕೊಟ್ಟೇ ಕೊಡುತ್ತಾರೆಂಬ ಒಂದೇ ನಂಬಿಕೆಯ ಮೇಲೆ ಅಲುಗದೆ ಕೂರುವ ನಿಷ್ಠಾವಂತ ಶ್ರೋತೃಗಳೇ! ಇಂದಿನ ನನ್ನ ಉಪನ್ಯಾಸದ ವಿಷಯ: ‘ತೊಗರಿ ಹೊಲಕ್ಕೆ ನುಗ್ಗುವ ಚಿಗರಿಗಳಿಗಾಗಿ ಹಗುರವಾದ ಬಂದೂಕನ್ನು ಆರಿಸುವ ಬಗೆ.’ ಚಪ್ಪಾಳೆ ಬೇಡ. ಸದ್ದಿಗೆ ಚಿಗರಿ ಓಡುತ್ತವೆ.

ಪ್ರೀತಿಯ ತಂಗಿ ವಿಜೂಗೆ ಅಣ್ಣ ಕಾಂತುವಿನ ಆಶೀರ್ವಾದಗಳು. ಗಾಬರಿಯಾಗಬೇಡ, ಸಭೆ ಎಂದರೆ ನೀನೊಬ್ಬಳೇ. ಅಧ್ಯಕ್ಷೆಯೂ ನೀನೇ, ಚಾಪೆಯೂ ನಿನ್ನದೇ. ಉಪ್ಪಿಟ್ಟು ಮಾತ್ರ ನೀನೇ ಮಾಡಿಕೊಳ್ಳಬೇಕು.

ಪತ್ರ ಬರೆಯಲು ತಡವಾಯಿತು, ಮನ್ನಿಸು. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೊದಮೊದಲು ನಿನ್ನ ಅತ್ತಿಗೆ ಜಯಮಾಲಾ ಮಾಡಿದರೆ ಎತ್ತುತ್ತಿದ್ದೆ. ಅವಳ ಹಿಂದೆ ನಿಂತ ನಾನು ಕೆಮ್ಮಿದ್ದು ಕೇಳಿಸಿದ ಮೇಲೆ ಅವಳದನ್ನೂ ಎತ್ತುವುದು ಬಿಟ್ಟೆ. ನಿನ್ನ ಸಿಟ್ಟು ನನಗೆ ಗೊತ್ತಿಲ್ಲದ್ದಲ್ಲ. ಫಾರೆಸ್ಟ್ ಗಾರ್ಡ್ ವಿಜಯಶ್ರೀ ಎರಡು ವರ್ಷದ ಹಿಂದೆ ನಸುಕಿನಲ್ಲಿ ಒಂದು ಜೀಪನ್ನು ಅಡ್ಡಗಟ್ಟಿದಳು. ಅದರಲ್ಲಿ ಸತ್ತ ಗಂಡು ಚಿಗರಿ (ಇಲಾಖೆಯ ಕಾಗದದಲ್ಲಿ ಕೃಷ್ಣಮೃಗ) ಇತ್ತು, ಜೋಡುನಳಿಗೆ ಬಂದೂಕು ಇತ್ತು, ಬಂದೂಕನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಧಣಿ ಶ್ರೀಶೈಲಪ್ಪ ಸಾವಕಾರರು ಇದ್ದರು. ಅವಳು ಕೇಸು ಹಾಕಿದಳು. ಅವಳ ಸ್ವಂತ ಅಣ್ಣ ಮಾತ್ರ ಅದೇ ಸಾವಕಾರರ ದಾಲ್ ಮಿಲ್ಲಿನಲ್ಲಿ ಇವತ್ತಿಗೂ ಗುಮಾಸ್ತನಾಗಿದ್ದಾನೆ. ತಂಗಿ ಹಿಡಿದವಳು, ಅಣ್ಣ ಹಿಡಿಸಿಕೊಂಡವರ ಹಿಟ್ಟು ತಿನ್ನುವವನು. ಪ್ರಾಸ ಚೆನ್ನಾಗಿದೆ, ಬಾಳು ಚೆನ್ನಾಗಿಲ್ಲ.

ನೀನು ಆಲಮಟ್ಟಿಗೆ ವರ್ಗವಾಗಿ ಹೋದೆ. ಡ್ಯಾಮಿನ ಗಾಳಿ ಒಗ್ಗಿತೇ? ಅಲ್ಲಿಯ ಮೀನು ತಿಂದು ಮೈಕೈ ತುಂಬಿಕೊಂಡಿದ್ದೀಯೆಂದು ಯಾರೋ ಹೇಳಿದರು, ಸಂತೋಷವಾಯಿತು. ಬರುವ ಗುರುವಾರ ಇಲ್ಲಿ ಸಿಂದಗಿ ಕೋರ್ಟಿನಲ್ಲಿ ನಿನ್ನ ಸಾಕ್ಷಿ ಇದೆಯಲ್ಲ, ಆ ನೆಪದಲ್ಲಾದರೂ ನಿನ್ನ ಮುಖ ನೋಡಿದಂತಾಗುತ್ತದೆ.

ಇದನ್ನು ಮಿಲ್ಲಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಸಾವಕಾರರು ಎದುರಿಗಿದ್ದಾರೆ. ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ತಿಳಿಸಿದ್ದೇನೆ.

ಇನ್ನು ಉಪನ್ಯಾಸ. ಬಂದೂಕು ಹಗುರವೇ ಏಕೆ ಬೇಕು? ಹಳೆಯ ಜೋಡುನಳಿಗೆ ನಿಮ್ಮ ಇಲಾಖೆಯಲ್ಲಿ ಜಪ್ತಿಯಾಗಿ ಕುಳಿತಿದೆ. ಅದರ ಮೇಲೆ ಸಾವಕಾರರಿಗೆ ಮೋಹಕ್ಕಿಂತ ಮುನಿಸು ಹೆಚ್ಚು. ಅವರ ಪ್ರಕಾರ ಅವತ್ತು ತಪ್ಪು ಮಾಡಿದ್ದು ಅವರಲ್ಲ, ಅವರ ಬಂದೂಕು.

“ಏನ್ ಭಾರ ಇತ್ತೋ ಅದು! ಹಗೂರ ಇತ್ತಂದ್ರ ಜೀಪಿನಿಂದ ಟಣ್ ಅಂತ ಜಿಗದು ಜ್ವಾಳದಾಗ ಮಾಯ ಆಗಿರ್ತಿದ್ದೆ. ನಿನ್ನ ತಂಗಿ ಕೈಗೆ ನಾ ಸಿಕ್ಕಿಲ್ಲೋ ಕಾಂತು, ಆ ಕಬ್ಬಿಣ ಸಿಕ್ಕೇತಿ,” ಎನ್ನುತ್ತಾರೆ. ಅರವತ್ತೆರಡರ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತು ಅವರು ಟಣ್ ಅಂತ ಹೇಗೆ ಜಿಗಿಯುತ್ತಿದ್ದರೋ ಎಂದು ನಾನು ಕೇಳಲಿಲ್ಲ. ಗುಮಾಸ್ತನ ಸಂಬಳದಲ್ಲಿ ಕೇಳದಿರುವುದರ ಸಂಬಳವೂ ಸೇರಿದೆ.

ಲೈಸನ್ಸು ಈಗ ಸಾವಕಾರರ ಅಳಿಯಂದಿರ ಹೆಸರಿಗೆ ಬಂದಿದೆ, ಬೆಳೆ ಕಾಯುವ ಸಲುವಾಗಿ. ತಾಂಬಾದ ಸಂಜೀವಕುಮಾರರನ್ನು ನೀನು ನೋಡಿದ್ದೀ: ದೀಪಾವಳಿಯಲ್ಲಿ ಸುರುಸುರುಬತ್ತಿ ಹಚ್ಚಿದರೂ ಕಿವಿ ಮುಚ್ಚಿಕೊಳ್ಳುವ ಮನುಷ್ಯ. ಹೆಸರು ಅಳಿಯನದು, ಹೆಗಲು ಮಾವನದು. ತೊಗರಿ ಇಬ್ಬರದು, ಚಿಗರಿ ಯಾರದು? ಸರ್ಕಾರದ್ದು ಎನ್ನುತ್ತೀ ನೀನು. ಸರ್ಕಾರ ಬಂದು ತನ್ನ ಚಿಗರಿಗೆ ತಾನೇ ಮೇವು ಹಾಕಲಿ ಎನ್ನುತ್ತಾರೆ ಇವರು.

ಹೋದ ವಾರ ಮಾವ, ಅಳಿಯ, ನಾನು ಮೂವರೂ ಕಾರಿನಲ್ಲಿ ದೊಡ್ಡ ಊರಿನ ಬಂದೂಕಿನ ಅಂಗಡಿಗೆ ಹೋದೆವು. ನನ್ನನ್ನು ಕರೆದೊಯ್ದದ್ದು ಇಂಗ್ಲಿಷಿನ ಚೀಟಿ ಓದಲಿಕ್ಕೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನಿಗೆ ಬಂದೂಕಿನ ಇಂಗ್ಲಿಷು ಓದುವ ಯೋಗ! ಅರ್ಥವಾದಷ್ಟು ಓದಿದೆ, ಆಗದ ಕಡೆ ಗಂಟಲು ಸರಿಪಡಿಸಿಕೊಂಡೆ.

ಸಾವಕಾರರು ಮಿಲ್ಲಿನಿಂದ ತೂಗುವ ಸ್ಪ್ರಿಂಗ್ ಕಾಟಾ ತಂದಿದ್ದರು. ನಿನಗೆ ಗೊತ್ತಲ್ಲ, ತೊಗರಿಯಿರಲಿ, ಮದುವೆಯಲ್ಲಿ ಬಂದ ಬೆಳ್ಳಿ ತಟ್ಟೆಯಿರಲಿ, ತಮ್ಮ ಕಾಟಾಕ್ಕೆ ಏರದ ಹೊರತು ಅವರು ಯಾವುದನ್ನೂ ನಂಬುವುದಿಲ್ಲ. ಅಂಗಡಿಯವನು ಮೊದಲು ಕೊಟ್ಟದ್ದು ಕಟ್ಟಿಗೆಯ ಹಿಡಿಯ ರೈಫಲ್. ಕೊಕ್ಕೆಗೆ ಸಿಕ್ಕಿಸಿ ಎತ್ತಿದರು, ಮುಳ್ಳು ಮೂರೂವರೆ ಕಿಲೋ ದಾಟಿತು.

“ಇದೇನ ಬಂದೂಕೋ ಒನಕಿಯೋ? ಇದನ್ನ ಒಯ್ದು ನಮ್ಮನಿಯಾಕಿ ಕೈಯಾಗ ಕೊಟ್ರ ಖಾರ ಕುಟ್ಟತಾಳ,” ಎಂದರು.

ಎರಡನೆಯದು ಅದಕ್ಕಿಂತ ಹಗುರ, ಆದರೆ ನಳಿಗೆ ಉದ್ದ. ಅಳಿಯಂದಿರು ಅದನ್ನು ಹಿಡಿದು ತಿರುಗಿದ ರಭಸಕ್ಕೆ ಅಂಗಡಿಯ ಗೋಡೆಯಲ್ಲಿದ್ದ ದೇವರ ಫೋಟೋ ಓರೆಯಾಯಿತು. “ಮಾವಾರ, ಇದು ಜೀಪಿನಾಗ ಹಿಡಸಂಗಿಲ್ರೀ,” ಎಂದರು. “ನೀ ಹಿಡಸಂಗಿಲ್ಲ ಬಿಡು,” ಎಂದರು ಮಾವ.

ಮೂರನೆಯದು ಕರಿಯ ಪ್ಲಾಸ್ಟಿಕ್ ಹಿಡಿಯದು, ಗಿಡ್ಡ ನಳಿಗೆಯದು. ಕಾಟಾದ ಮುಳ್ಳು ಮೂರು ಕಿಲೋ ಮುಟ್ಟಲಿಲ್ಲ. ಅದರ ಬೋಲ್ಟನ್ನು ಬಾಗಿಲ ಚಿಲಕದ ಹಾಗೆ ಮೇಲೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಕೆಳಗೆ ಒತ್ತಬೇಕು. ಆಗ ಮುಂದಿನ ಗುಂಡು ತಯಾರು. ಸಾವಕಾರರು ಖಾಲಿ ಬಂದೂಕಿನಲ್ಲಿ ಅದನ್ನು ಮಾಡುತ್ತಲೇ ನಿಂತರು. ಎತ್ತಿದರು, ಎಳೆದರು, ನೂಕಿದರು, ಒತ್ತಿದರು. ಅವರ ಮುಖದಲ್ಲಿ, ಮೊಮ್ಮಗನ ಗಿಲಕಿ ಕೈಗೆ ಸಿಕ್ಕ ಅಜ್ಜನ ಕಳೆ.

ಅಂಗಡಿಯವನು ಮರ್ಯಾದಸ್ಥ. “ಸಾವಕಾರ್ರ, ಹಗೂರ ಇದ್ದಷ್ಟೂ ಹೆಗಲಿಗೆ ಜೋರ್ ಒದಿತೈತ್ರೀ. ಇಡೀ ದಿನ ಹೊತ್ತು ಅಡ್ಡಾಡೂದಿದ್ರ ಇದು ಛಲೋ. ಕುಂತಲ್ಲೇ ಕುಂತು ಹೊಡಿಯೂದಿದ್ರ ಭಾರದ್ದ ಛಲೋ, ಕೈ ಅಲಗಂಗಿಲ್ಲ,” ಎಂದ.

“ಒದಿಲಿ ತಗೋ. ಒಂದ ಗುಂಡಿಗೆ ಒಂದ ಒದಿ. ನನಗ ಭಾಳ ಗುಂಡ ಬೇಕಾಗೂದಿಲ್ಲ,” ಎಂದರು ಸಾವಕಾರರು. ಅಂಗಡಿಯವನು ನಕ್ಕ. ಅಳಿಯಂದಿರು ನಕ್ಕರು. ನಾನು ಚೀಟಿ ಓದುತ್ತಿದ್ದೆ.

ಮೇಲೆ ಕೂರಿಸುವ ದುರ್ಬೀನನ್ನೂ ಕೊಂಡರು. ಅದನ್ನು ಕೂರಿಸಿದರೆ ತೂಕ ಮತ್ತೆ ಏರುತ್ತದೆ ಎಂದು ಅಂಗಡಿಯವನು ಹೇಳಿದ್ದಕ್ಕೆ, “ಕಣ್ಣಿನ ಭಾರ ಕೈಗೆ ಹತ್ತಂಗಿಲ್ಲ,” ಎಂದರು. ನೋಡು, ನನ್ನ ಜೊತೆ ಇದ್ದು ಇದ್ದು ಅವರಿಗೂ ಪ್ರಾಸದ ಚಟ ಹತ್ತಿಬಿಟ್ಟಿದೆ.

ಮನೆಗೆ ಬಂದು ಜಯಮಾಲಾಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಬ್ಯಾಳಿ ಮಾರಾವ್ರಿಗೆ ಬಂದೂಕ್ಯಾಕ್ರೀ? ಚಿಗರಿ ಬಂದ್ರ ಡಬ್ಬಿ ಬಡದ್ರ ಓಡತಾವ,” ಎಂದಳು. ಇದನ್ನು ಸಾವಕಾರರಿಗೂ ಹೇಳಿದೆ. ಅವರಿಗೆ ಎಷ್ಟು ನಗು ಬಂತೆಂದರೆ ಕಣ್ಣು ಒರೆಸಿಕೊಂಡರು. ಆಮೇಲೆ, “ಎಲ್ಲಾ ಚಿಗರಿ ಡಬ್ಬಿಗೆ ಅಂಜಂಗಿಲ್ಲವಾ ತಂಗಿ ಅಂತ ಹೇಳು ನಿನ್ನ ಹೇಣ್ತಿಗೆ,” ಎಂದರು.

ವಿಜೂ, ಈಗ ಹಿರಿಯಣ್ಣನಾಗಿ ಒಂದು ಮಾತು. ಅವತ್ತು ನಸುಕಿನಲ್ಲಿ ಮಂಜು ಬಿದ್ದಿತ್ತು. ಜೀಪಿನ ದೀಪ ನಿನ್ನ ಕಣ್ಣಿಗೇ ಹೊಡೆಯುತ್ತಿತ್ತು. ಒಳಗೆ ಕುಳಿತವರು ಮುಖಕ್ಕೆ ಮಫ್ಲರ್ ಸುತ್ತಿದ್ದರು. ಗುರುವಾರ ವಕೀಲರು ಕೇಳಿದಾಗ, ‘ಮುಖ ಸರಿಯಾಗಿ ಕಾಣಲಿಲ್ಲ’ ಎಂದರೆ ಅದು ಪೂರ್ತಿ ಸುಳ್ಳೂ ಆಗುವುದಿಲ್ಲ. ಸತ್ತ ಚಿಗರಿ ಎದ್ದು ಬರುವುದಿಲ್ಲ. ನಿನ್ನ ನೌಕರಿ ಇನ್ನೂ ಇಪ್ಪತ್ತೈದು ವರ್ಷ ಇದೆ, ನನ್ನದು ಮಿಲ್ಲು ಇರುವಷ್ಟು ದಿನ ಇದೆ. ಸಾವಕಾರರು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ಅವರೇ ಹೇಳಿದರು, “ವಿಜಯಶ್ರೀ ನಮ್ಮ ಮನಿ ಹುಡಿಗಿ ಇದ್ದಂಗ” ಎಂದು. ಯೋಚನೆ ಮಾಡು.

ನೂರು ವರ್ಷ ಬಾಳು. ಹೊತ್ತಿಗೆ ಸರಿಯಾಗಿ ಉಣ್ಣು. ಡ್ಯಾಮಿನ ದಂಡೆಯಲ್ಲಿ ಒಬ್ಬಳೇ ಅಡ್ಡಾಡಬೇಡ.

ನಿನ್ನ ಪ್ರೀತಿಯ ಅಣ್ಣ,
ಕಾಂತು

ತಾ.ಕ.

ವಿಜೂ, ಉಪನ್ಯಾಸ ಮುಗಿಯಿತು. ಮೇಲಿನದನ್ನೆಲ್ಲ ಸಾವಕಾರರು ಬರೆಸಿದ್ದು. ಮಾತು ನನ್ನದು, ಪ್ರಾಸ ನನ್ನದು, ಪತ್ರ ಅವರದು. “ಫೋನ್ ಬ್ಯಾಡ, ಅದು ರಿಕಾರ್ಡ್ ಆಗತೈತಿ. ನಿನ್ನ ನಗಿಚಾಟಿಕಿ ಧಾಟಿಯೊಳಗ ಒಂದ ಪತ್ರ ಬರಿ. ಧಮಕಿ ಒಂದೂ ಇರಬಾರದು. ಬರೇ ಬಂದೂಕಿಂದ ಬರಿ. ಆಕಿ ಶಾಣ್ಯಾಕಿ, ತಿಳಕೋತಾಳ,” ಎಂದರು. ಬರೆದು ಮುಗಿಸಿದ ಮೇಲೆ ಗಟ್ಟಿಯಾಗಿ ಓದಿಸಿದರು. ಒನಕಿಯ ಮಾತಿಗೆ ಎರಡು ಸಲ ನಕ್ಕರು. ಲಕೋಟೆಗೆ ತಾವೇ ಅಂಟು ಹಚ್ಚಿದರು. ಆ ಲಕೋಟೆ ಹರಿದು, ಹೊಸದು ಕೊಂಡು, ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಳಿತು ಇಷ್ಟನ್ನು ಬರೆಯುತ್ತಿದ್ದೇನೆ. ಮೊಣಕಾಲೇ ಮೇಜು, ಅಕ್ಷರ ಓರೆಯಾದರೆ ಬೈಯಬೇಡ.

ಮುಖ ಕಾಣಲಿಲ್ಲ ಎಂದು ಹೇಳಬೇಡ. ಕಂಡದ್ದನ್ನು ಕಂಡ ಹಾಗೆ ಹೇಳು. ಅವತ್ತು ಮಂಜೂ ಇರಲಿಲ್ಲ, ಮಫ್ಲರೂ ಇರಲಿಲ್ಲ. ಅದನ್ನು ಅವರೇ ನನ್ನೆದುರು ಹೇಳಿದ್ದಾರೆ.

ಆದರೆ ಗುರುವಾರ ಬಸ್ಸಿಗೆ ಬರಬೇಡ. ಈ ಪತ್ರವನ್ನು ನಿನ್ನ ಸಾಹೇಬರಿಗೆ ತೋರಿಸು, ಪೊಲೀಸರಿಗೆ ಕೊಡು, ಇಲಾಖೆಯ ಗಾಡಿಯಲ್ಲಿ ನಾಲ್ಕು ಜನರ ನಡುವೆ ಕುಳಿತು ಬಾ. ಪತ್ರ ಮುಟ್ಟುವುದು ತಡವಾಗಿ ನೀನು ಬಸ್ಸು ಹತ್ತಿಯೇ ಬಿಟ್ಟರೆ, ನಾಕಾದಲ್ಲಿ, ನೀನು ಕೋರ್ಟಿಗೆಂದು ಇಳಿಯುವ ಆ ಕೂಡುರಸ್ತೆಯಲ್ಲಿ, ಬಸ್ಸಿನ ಬಾಗಿಲಿಗೆ ಅಡ್ಡಲಾಗಿ ನಾನು ನಿಂತಿರುತ್ತೇನೆ. ಮಾತಾಡಿಸಬೇಡ, ಇಳಿಯಬೇಡ, ಸ್ಟ್ಯಾಂಡಿನವರೆಗೂ ಹೋಗು.

ನಿನ್ನೆ ಮಧ್ಯಾಹ್ನ ಸಾವಕಾರರು ಆ ಬಂದೂಕನ್ನು ಮಿಲ್ಲಿನ ಮಾಳಿಗೆಗೆ ಒಯ್ದರು. ನನ್ನನ್ನೂ ಕರೆದರು. ಕಟ್ಟೆಗೋಡೆಯ ಮೇಲೆ ತೊಗರಿಯ ಚೀಲ ಇಟ್ಟು, ಅದರ ಮೇಲೆ ನಳಿಗೆ ಇಟ್ಟು, “ಬಿ.ಎ. ಸಾಹೇಬ್ರ, ದುರ್ಬೀನಿನಾಗ ನೋಡ್ರಿ ಒಂಚೂರು,” ಎಂದರು. ನೋಡಿದೆ. ನಾಕಾ ಕಂಡಿತು. ಬಸ್ಸು ನಿಲ್ಲುವ ಜಾಗ, ಪೇರಲಹಣ್ಣು ಮಾರುವ ರಾಜಬಿ, ಅವಳ ಮೂಗುಬೊಟ್ಟಿನ ಹರಳು ಕೂಡ ಕಂಡಿತು.

“ಹೆಂಗೈತಿ?”

“ಸ್ವಚ್ಛ ಕಾಣತೈತ್ರಿ.”

“ಚಿಗರಿ ದಿನಾ ಒಂದ ಹಾದಿ ಹಿಡೀತೈತಿ ನೋಡು ಕಾಂತು. ಅದಕ್ಕ ಬೇರೆ ಬುದ್ಧಿ ಇಲ್ಲ,” ಎಂದರು. ಆಮೇಲೆ ಹೆಗಲ ಮೇಲೆ ಕೈ ಹಾಕಿ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ ಕೇಳಿದರು: “ನಿನ್ನ ತಂಗಿ ಕೋರ್ಟಿಗೆ ಯಾವ ಗಾಡಿಗೆ ಬರ್ತಾಳೋ?”

ನಾನು ಗೊತ್ತಿಲ್ಲ ಎನ್ನಬಹುದಿತ್ತು. ಕೆಮ್ಮಬಹುದಿತ್ತು. ಅವರು ಒತ್ತಾಯ ಮಾಡಲಿಲ್ಲ, ಹೆದರಿಸಲಿಲ್ಲ. ನಾಲಿಗೆಯ ತುದಿಗೆ ಪ್ರಾಸ ಬಂದಿತ್ತು, ಅಷ್ಟೇ.

“ಬಾಗೇವಾಡಿ ಗಾಡಿಗೆ ಬರ್ತಾಳ್ರೀ, ಬಾಗಿಲದಾಗ ನಿಂತು ಮೊದಲ ಇಳೀತಾಳ್ರೀ.”

ಅವರು ನಕ್ಕರು. ನಾನೂ ನಕ್ಕೆ, ವಿಜೂ.