ಇಲಿಮರಿಗೆ ತಗುಲದ ಬಾಣ

ನವೆಂಬರ್ ೧೬, ಭಾನುವಾರ
ಹಾಸ್ಟೆಲ್ ಓದುವ ಕೋಣೆ

ಪ್ರೀತಿಯ ಅಣ್ಣ,

ಫೋನ್ ಇರುವಾಗ ಕಾಗದ ಬರೆಯುತ್ತಿರುವುದಕ್ಕೆ ಸಾರಿ. ನನ್ನದು ಹಾಸ್ಟೆಲ್ ಕನ್ನಡ, ತಪ್ಪಿದ್ದರೆ ನಗಬೇಡ. ಫೋನಿನಲ್ಲಿ ಏನು ಕೇಳಿದರೂ "ಎಲ್ಲಾ ಆರಾಮು, ನೀನು ಓದ್ಕೋ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲವಲ್ಲ.

ನಿನ್ನ ಹಳೆಯ ಜೂನಿಯರ್ ಸೋಡಾಬುಡ್ಡಿ ಇಲ್ಲಿ ಈಗ ಫೈನಲ್ ಇಯರ್. ಶನಿವಾರ ಸಂಜೆ ಮೆಸ್ಸಿನ ಮೂಲೆ ಮೇಜಿನಲ್ಲಿ ಒಂದು ಆಟ ಆಡಿಸುತ್ತಾನೆ. ಅವನು ಕಥೆ ಹೇಳುತ್ತಾನೆ, ನಾವೆಲ್ಲ ಅದರೊಳಗಿನ ಪಾತ್ರಗಳು. ನಾನು ಕಳ್ಳಿ. ನನ್ನ ರೂಮ್‌ಮೇಟ್ ಊದಿದರೆ ಹಾರಿಹೋಗುವಂತಿದ್ದಾಳೆ, ಅದಕ್ಕೇ ಎಲ್ಲರೂ ಪೈಲ್ವಾನ್ ಅನ್ನುತ್ತಾರೆ. ಆಟದಲ್ಲಿ ಅವಳು ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಟ್ಟ ಯೋಧೆ. ಹೊಡೆದಾಟ ಬಂದರೆ ಇಪ್ಪತ್ತು ಮುಖದ ಡೈಸ್ ಉರುಳಿಸಬೇಕು.

ಅಲ್ಲಿ ಆರ್ಮರ್, ಅಂದರೆ ಕವಚ, ಹೇಗೆ ಕೆಲಸ ಮಾಡುತ್ತದೆ ಅಂತ ಹೇಳದಿದ್ದರೆ ನನ್ನ ಅನುಮಾನ ನಿನಗೆ ಅರ್ಥವಾಗುವುದಿಲ್ಲ. ಅದು ಪೆಟ್ಟಿನ ನೋವು ಕಡಿಮೆ ಮಾಡುತ್ತದೆ ಅಂದುಕೊಂಡಿದ್ದೆ. ಅಲ್ಲವಂತೆ. ಪ್ರತಿ ಕವಚಕ್ಕೂ ಒಂದು ನಂಬರ್. ಶತ್ರುವಿನ ಡೈಸ್ ಆ ನಂಬರ್ ಮುಟ್ಟಿದರೆ ಪೆಟ್ಟು ಬಿತ್ತು, ಮುಟ್ಟದಿದ್ದರೆ ಇಲ್ಲ. ಬಿದ್ದರೆ ಪೂರ್ತಿ ಬೀಳುತ್ತದೆ. ಕಬ್ಬಿಣಕ್ಕೆ ದೊಡ್ಡ ನಂಬರ್, ಆದರೆ ನಡೆದರೆ ಪಾತ್ರೆ ಅಂಗಡಿ ಉರುಳಿದ ಹಾಗೆ ಸದ್ದು. ಕಳ್ಳಿಗೆ ಅದು ಆಗಿಬರುವುದಿಲ್ಲ. ನನ್ನದು ಚರ್ಮದ ಕವಚ, ಚಿಕ್ಕ ನಂಬರ್. ಇಪ್ಪತ್ತು ಬಿದ್ದರೆ ಮಾತ್ರ ಯಾವ ಕವಚವೂ ಕಾಯುವುದಿಲ್ಲ.

ಶತ್ರುಗಳ ಡೈಸನ್ನು ಸೋಡಾಬುಡ್ಡಿ ರಟ್ಟಿನ ಮರೆಯ ಹಿಂದೆ ಉರುಳಿಸುತ್ತಾನೆ. ಒಂದು ತಿಂಗಳಿನಿಂದ ಪೈಲ್ವಾನ್ ಮೈಯೆಲ್ಲ ಗಾಯ. ನನಗೆ ಒಂದು ಗೀರೂ ಇಲ್ಲ.

"ಅವನಿಗೆ ನಿನ್ ಮೇಲೆ ಏನೋ ಇದೆ ಕಣೇ," ಅಂದಳು ಪೈಲ್ವಾನ್. "ಬಾಣಗಳೆಲ್ಲ ನಿನ್ನ ಸುತ್ತು ಹಾಕ್ಕೊಂಡು ಬಂದು ನನಗೇ ಚುಚ್ತಾವೆ!"

ಇರಬಹುದೇನೋ ಅಂತ ನಾನೂ ಒಂದೆರಡು ವಾರ ನೀಟಾಗಿ ತಲೆ ಬಾಚಿಕೊಂಡು ಹೋದೆ. ಅವನು ಮುಖ ಎತ್ತಿಯೂ ನೋಡಲಿಲ್ಲ. "ಊಟ ಆಯ್ತಾ? ನಿದ್ದೆ ಬರುತ್ತಾ?" ಇಷ್ಟೇ, ಕಾಯಿಲೆಯವರನ್ನು ವಿಚಾರಿಸುವ ಹಾಗೆ.

ನಿನ್ನೆ ಟೆಸ್ಟ್ ಮಾಡೇಬಿಟ್ಟೆ. ಕಥೆಯಲ್ಲಿ ಸೇತುವೆ ಇನ್ನೇನು ಬರಬೇಕು, "ನಾನು ಕವಚ ಬಿಚ್ಚಿಡ್ತೀನಿ," ಅಂದೆ.

"ತಲೆಗಿಲೆ ಕೆಟ್ಟಿದ್ಯಾ?" ಅಂದಳು ಪೈಲ್ವಾನ್.

ಸೇತುವೆಯ ಮೇಲೆ ಬಿಲ್ಲುಗಾರರಿದ್ದರು. ಮರೆಯ ಹಿಂದೆ ಡೈಸ್ ಉರುಳಿತು. "ಮಿಸ್." ಮತ್ತೆ ಉರುಳಿತು. "ಮಿಸ್." ಇನ್ನೊಂದು ಸಲ ಉರುಳಿಸಿ "ಮಿಸ್" ಅಂದಾಗ ಎದ್ದು ಬಗ್ಗಿ ನೋಡಿದೆ. ಇಪ್ಪತ್ತು.

"ಇಪ್ಪತ್ತು ಬಿದ್ದಿದೆಯಲ್ಲಾ! ಯಾಕೆ ಸುಳ್ಳು ಹೇಳ್ತಿದ್ದೀರ?"

ಅವನು ಡೈಸನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಗಲಿಲ್ಲ. "ಈಗ ಬೇಡಮ್ಮಾ. ನಿನ್ ಪರೀಕ್ಷೆ ಮುಗೀಲಿ," ಅಂದ.

ಆಟದ ನಡುವೆ ನನ್ನ ಪರೀಕ್ಷೆ ಎಲ್ಲಿಂದ ಬಂತು ಅಣ್ಣ? ನೀನು ಅವನಿಗೆ ಫೋನ್ ಮಾಡಿದ್ದೀಯ ತಾನೇ?

ಅಪ್ಪನಿಗೆ ನಮಸ್ಕಾರ. ಅಮ್ಮನಿಗೆ ಏನಂತ ಬರೆಯಬೇಕೋ ತಿಳಿಯುತ್ತಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಇಲಿಮರಿ

ತಾ.ಕ.: ಒಂಬತ್ತನೇ ಕ್ಲಾಸಿನಲ್ಲೂ ಇದೇ ಮಾತು ಕೇಳಿದ್ದೆ. "ಪರೀಕ್ಷೆ ಮುಗೀಲಿ ಪುಟ್ಟಾ" ಅಂತ ವಾರ್ಡನ್ ನನ್ನ ಹಾಲಿಗೆ ಸಕ್ಕರೆ ಜಾಸ್ತಿ ಹಾಕಿದ್ದರು. ರಜೆಗೆ ಬಂದವಳು ಬ್ಯಾಗೂ ಇಳಿಸದೆ "ಅಜ್ಜೀ, ಗಣಿತ ಸುಲಭ ಇತ್ತು!" ಅಂತ ಕೂಗುತ್ತಾ ಓಡಿದೆ. ಅಜ್ಜಿಯ ಕೋಣೆಯಲ್ಲಿ ಮಂಚವೇ ಇರಲಿಲ್ಲ. ನೀವೆಲ್ಲ ಅತ್ತು ಮುಗಿಸಿಯಾಗಿತ್ತು, ನಾನೊಬ್ಬಳೇ ಅಳಬೇಕಾಯಿತು. ಈಗ ಯಾವಾಗ ಫೋನ್ ಮಾಡಿದರೂ ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತೀಯ. ಯಾರಾದರೂ ಅಷ್ಟು ಸ್ನಾನ ಮಾಡುತ್ತಾರಾ? ಅಮ್ಮನಿಗೆ ಏನಾಗಿದೆ? ಪೆಟ್ಟು ಬೀಳುವುದಾದರೆ ನಿಮ್ಮ ಜೊತೆಯಲ್ಲೇ ನನಗೂ ಬೀಳಲಿ. ಬೇಗ ಉತ್ತರ ಬರೆ.